ಪಿಜ್ಜಾ ಅಂಗಡಿ ಕೆಡವಿ ಮರಳಿ ಪಡೆದ ರಣಭೂಮಿ: ಟೆನೆಸಿಯ ಫ್ರಾಂಕ್ಲಿನ್ ಪ್ರಕರಣ

ಅಮೆರಿಕದ ಟೆನೆಸಿ ರಾಜ್ಯದಲ್ಲಿ ನ್ಯಾಶ್‌ವಿಲ್‌ನಿಂದ ದಕ್ಷಿಣಕ್ಕೆ ಸುಮಾರು 20 ಮೈಲಿ ಹೋದರೆ ಫ್ರಾಂಕ್ಲಿನ್ ಊರು ಸಿಗುತ್ತದೆ. ಊರಿನ ನಡುವಿನಿಂದ ದಕ್ಷಿಣಕ್ಕೆ ಹೊರಡುವ ಕೊಲಂಬಿಯಾ ಅವೆನ್ಯೂ ರಸ್ತೆಯ ಬದಿಯಲ್ಲಿ 2005ರವರೆಗೆ ಒಂದು ಪಿಜ್ಜಾ ಹಟ್ ಇತ್ತು. ಆ ಅಂಗಡಿಯ ಆಸುಪಾಸಿನಲ್ಲೇ, 1864ರ ನವೆಂಬರ್ 30ರ ಸಂಜೆ, ಅಮೆರಿಕದ ಅಂತರ್ಯುದ್ಧದಲ್ಲಿ, ದೇಶದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಸೈನ್ಯದ ಮೇಜರ್ ಜನರಲ್ ಪ್ಯಾಟ್ರಿಕ್ ಕ್ಲೆಬರ್ನ್ ಗುಂಡು ತಗುಲಿ ಬಿದ್ದಿದ್ದರು. ಐದು ಗಂಟೆ ನಡೆದ ಆ ಕದನದಲ್ಲಿ ದಕ್ಷಿಣದವರ ಪೈಕಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಆರು ಸಾವಿರಕ್ಕೂ ಹೆಚ್ಚು ಮಂದಿ. ಅದರಲ್ಲಿ ಸುಮಾರು 1,750 ಜನ ನೆಲದಲ್ಲೇ ಸತ್ತರು. ಉತ್ತರದ ಕಡೆ 2,300ಕ್ಕೂ ಹೆಚ್ಚು ಮಂದಿಯ ನಷ್ಟ. ಇಷ್ಟು ರಕ್ತ ಬಿದ್ದ ನೆಲದ ಮೇಲೆ ಪಾರ್ಕಿಂಗ್ ಗೆರೆ ಎಳೆದು, ಡಾಂಬರು ಹಾಕಿ, ಒಲೆ ಹಚ್ಚಿದ್ದರು. ಊರಿಗೆ ಅದು ತಿಳಿಯದ ವಿಷಯವೇನೂ ಆಗಿರಲಿಲ್ಲ.

ಅಂತರ್ಯುದ್ಧದ ರಣಭೂಮಿಗಳ ಸಂರಕ್ಷಣೆ ಎಂದರೆ ಸಾಮಾನ್ಯವಾಗಿ ಖಾಲಿ ಹೊಲವನ್ನು ಬಡಾವಣೆಯಾಗದಂತೆ ತಡೆಯುವ ಕೆಲಸ. ಫ್ರಾಂಕ್ಲಿನ್‌ನ ಪಾಠ ಬೇರೆ. ಇಲ್ಲಿ ನೆಲ ಆಗಲೇ ಹೋಗಿತ್ತು. ಹೋದದ್ದನ್ನು ಒಂದೊಂದು ನಿವೇಶನವಾಗಿ ಕೊಂಡು, ಕಟ್ಟಡ ಇಳಿಸಿ, ಕೆಳಗಿನ ಮಣ್ಣನ್ನು ಕೆಡಿಸದೆ ಹೊರತೆಗೆಯಬೇಕಾಯಿತು. ಹೀಗೆ ಮರಳಿ ಪಡೆಯುವುದು ಸಾಧ್ಯವೇ, ಎಷ್ಟು ದುಬಾರಿ, ಎಲ್ಲಿ ಎಡವುತ್ತದೆ ಎಂದು ತಿಳಿಯಬೇಕಾದವರು ಈ ಪ್ರಕರಣವನ್ನು ಬಿಡಿಬಿಡಿಯಾಗಿ ನೋಡಬೇಕು.

ನೆಲ ಹೇಗಿತ್ತು

ಕದನದ ಹಿಂದಿನ ರಾತ್ರಿ, ಸ್ಪ್ರಿಂಗ್ ಹಿಲ್ ಎಂಬಲ್ಲಿ, ಜನರಲ್ ಜಾನ್ ಸ್ಕೋಫೀಲ್ಡ್ ನೇತೃತ್ವದ ಉತ್ತರದ ಪಡೆ ದಕ್ಷಿಣದವರ ಕಣ್ಣೆದುರೇ ಜಾರಿಕೊಂಡು ಫ್ರಾಂಕ್ಲಿನ್ ಸೇರಿತು. ಹಾರ್ಪೆತ್ ನದಿಯ ಸೇತುವೆಗಳನ್ನು ಸರಿಪಡಿಸಿಕೊಳ್ಳುವ ತನಕ ಅವರಿಗೆ ಊರು ಬಿಡುವಂತಿರಲಿಲ್ಲ. ಹಾಗಾಗಿ ಊರಿನ ದಕ್ಷಿಣಕ್ಕೆ, ನದಿಯ ಒಂದು ಬಾಗಿನಿಂದ ಇನ್ನೊಂದು ಬಾಗಿನವರೆಗೆ, ಕಂದಕ ತೋಡಿ ಮಣ್ಣಿನ ಒಡ್ಡು ಕಟ್ಟಿದರು. ಈ ಸಾಲಿನ ನಟ್ಟನಡುವೆ ಫೌಂಟನ್ ಬ್ರಾಂಚ್ ಕಾರ್ಟರ್ ಎಂಬ ರೈತನ ಇಟ್ಟಿಗೆ ಮನೆ ಇತ್ತು, ಕಟ್ಟಿದ್ದು 1830ರಲ್ಲಿ. ರಸ್ತೆಯ ಆಚೆಗೆ, ಕೂಗಳತೆ ದೂರದಲ್ಲಿ, ಅವನದೇ ಹತ್ತಿ ಜಿನ್ (ಹತ್ತಿಯಿಂದ ಬೀಜ ಬಿಡಿಸುವ ಕಟ್ಟಡ). ಜಿನ್ನಿನ ಹಲಗೆ, ತೊಲೆಗಳನ್ನೇ ಕಿತ್ತು ಸೈನಿಕರು ಒಡ್ಡಿನ ತಲೆಮೇಲೆ ಅಡ್ಡ ಹಾಕಿಕೊಂಡರು.

ದಕ್ಷಿಣದ ಸೇನಾನಿ ಜಾನ್ ಬೆಲ್ ಹುಡ್ ಎರಡು ಮೈಲಿ ದೂರದ ವಿನ್‌ಸ್ಟೆಡ್ ಗುಡ್ಡದಿಂದ ಸುಮಾರು 20,000 ಜನರನ್ನು ಬಟ್ಟಬಯಲಿನಲ್ಲಿ ನಡೆಸಿದ. ಗೆಟಿಸ್‌ಬರ್ಗ್‌ನ ಹೆಸರಾಂತ ಪಿಕೆಟ್ ದಾಳಿಗಿಂತ ಜನವೂ ಹೆಚ್ಚು, ದಾಟಬೇಕಾದ ದೂರವೂ ಹೆಚ್ಚು. ಉತ್ತರದ ಎರಡು ಬ್ರಿಗೇಡುಗಳು ಮುಖ್ಯ ಸಾಲಿನಿಂದ ಅರ್ಧ ಮೈಲಿ ಮುಂದೆ ಒಂಟಿಯಾಗಿ ನಿಂತಿದ್ದವು. ಅವು ಕುಸಿದು ಹಿಂದಕ್ಕೆ ಓಡಿದಾಗ, ಬೆನ್ನಟ್ಟಿದವರೂ ಅವರೊಡನೆ ಬೆರೆತೇ ಓಡಿಬಂದರು. ಒಡ್ಡಿನ ಹಿಂದಿದ್ದವರು ತಮ್ಮವರಿಗೆ ತಗುಲೀತೆಂದು ಗುಂಡು ಹಾರಿಸಲಾಗಲಿಲ್ಲ. ಸಾಲು ಒಡೆದದ್ದು ಕಾರ್ಟರ್ ಮನೆ ಮತ್ತು ಜಿನ್ನಿನ ನಡುವೆ. ಮನೆಯವರು, ನೆರೆಹೊರೆಯವರು ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಆಗ ನೆಲಮಾಳಿಗೆಯಲ್ಲಿ ಕೂತಿದ್ದರು. ಕಾರ್ಟರನ ಮಗ ಟಾಡ್, ದಕ್ಷಿಣದ ಸೈನ್ಯದಲ್ಲಿ ಕ್ಯಾಪ್ಟನ್, ತಾನು ಹುಟ್ಟಿದ ಮನೆಯ ಹತ್ತಿರದಲ್ಲೇ ಗಾಯಗೊಂಡು ಬಿದ್ದ. ಎರಡು ದಿನಕ್ಕೆ ಅದೇ ಮನೆಯಲ್ಲಿ ತೀರಿಕೊಂಡ. ದಕ್ಷಿಣದ ಆರು ಜನರಲ್‌ಗಳು ಈ ಕದನಕ್ಕೆ ಬಲಿಯಾದರು: ಕ್ಲೆಬರ್ನ್, ಆಡಮ್ಸ್, ಗ್ರ್ಯಾನ್‌ಬರಿ, ಗಿಸ್ಟ್, ಸ್ಟ್ರಾಲ್, ಮತ್ತು ಗಾಯದಿಂದ ಹತ್ತು ದಿನದ ನಂತರ ಸತ್ತ ಕಾರ್ಟರ್ (ಮನೆಯ ಕಾರ್ಟರ್ ಬೇರೆ, ಈತ ಬೇರೆ).

ಈ ವಿವರಕ್ಕೂ ಸಂರಕ್ಷಣೆಗೂ ನೇರ ಸಂಬಂಧ ಇದೆ. ಸಾಲು ಎಲ್ಲಿ ಒಡೆಯಿತು, ಜನ ಎಲ್ಲಿ ಬಿದ್ದರು, ಫಿರಂಗಿ ಎಲ್ಲಿಂದ ಹೊಡೆಯಿತು ಎಂಬುದೇ ಯಾವ ನಿವೇಶನ ಮೊದಲು ಕೊಳ್ಳಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಹೋದದ್ದು ಹೇಗೆ

1890ರ ದಶಕದಲ್ಲಿ ಅಮೆರಿಕದ ಕಾಂಗ್ರೆಸ್ (ಸಂಸತ್ತು) ಚಿಕಮಾಗ, ಆಂಟೀಟಮ್, ಶೈಲೋ, ಗೆಟಿಸ್‌ಬರ್ಗ್, ವಿಕ್ಸ್‌ಬರ್ಗ್ ರಣಭೂಮಿಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಫ್ರಾಂಕ್ಲಿನ್ ಆ ಪಟ್ಟಿಗೆ ಸೇರಲಿಲ್ಲ. ಒಡ್ಡುಗಳನ್ನು ನೇಗಿಲು ಸಮ ಮಾಡಿತು. ಜಿನ್ ಕಟ್ಟಡ ಹೋಯಿತು. ಅದರ ಹತ್ತಿರ 1889ರಲ್ಲಿ ಒಂದು ಶಾಲೆ ಬಂತು, ಆಮೇಲೆ ಮನೆಗಳು, ಆಮೇಲೆ ಅಂಗಡಿಗಳು. ಕಾರ್ಟರ್ ಮನೆಯನ್ನು 1951ರಲ್ಲಿ ರಾಜ್ಯ ಸರ್ಕಾರ ಕೊಂಡು 1953ರಲ್ಲಿ ತೆರೆಯಿತೇನೋ ನಿಜ. ಆದರೆ ಉಳಿದದ್ದು ಮನೆಯ ಆವರಣ ಮಾತ್ರ, ಅದರ ಹಿತ್ತಲಿನಲ್ಲಿ ಶಾಲೆಯ ಜಿಮ್ನೇಸಿಯಂ ಎದ್ದಿತ್ತು. 1960ರಲ್ಲಿ ರಣಭೂಮಿಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆ ಸಿಕ್ಕಿತು. ಈ ಮಾನ್ಯತೆ ಗೌರವ ಕೊಡುತ್ತದೆಯೇ ಹೊರತು ಖಾಸಗಿ ಮಾಲೀಕ ತನ್ನ ಹಣದಲ್ಲಿ ತನ್ನ ಜಾಗದಲ್ಲಿ ಕಟ್ಟುವುದನ್ನು ತಡೆಯುವುದಿಲ್ಲ. ಮಾನ್ಯತೆ ಸಿಕ್ಕಿತೆಂದು ನಿರಾಳವಾಗಿ ಕೂತ ಊರುಗಳು ಬಹಳ ಕಳೆದುಕೊಂಡಿವೆ.

1993ರಲ್ಲಿ ಕಾಂಗ್ರೆಸ್ ನೇಮಿಸಿದ ಆಯೋಗವೊಂದು ಸುಮಾರು 10,500 ಸಂಘರ್ಷಗಳಲ್ಲಿ 384 ಮುಖ್ಯ ರಣಭೂಮಿಗಳನ್ನು ಗುರುತಿಸಿತು. ಅದರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಆಗಲೇ ಕೈತಪ್ಪಿದೆ ಅಥವಾ ಚೂರುಚೂರಾಗಿದೆ ಎಂದಿತು. ಫ್ರಾಂಕ್ಲಿನ್ ಚೂರಾದವುಗಳ ಉದಾಹರಣೆಯಾಗಿ ಎಲ್ಲರ ಬಾಯಲ್ಲಿತ್ತು.

ಯಾವ ತುಂಡು ಮೊದಲು

ರಣಭೂಮಿಯ ಸಮೀಕ್ಷೆ ಮಾಡುವವರು ಅಮೆರಿಕದ ಸೈನ್ಯದಿಂದ ಎರವಲು ತಂದ ಒಂದು ಕ್ರಮ ಬಳಸುತ್ತಾರೆ. ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಅದನ್ನು ಕೊಕೋವಾ ಎನ್ನುತ್ತಾರೆ. ಐದು ಸಂಗತಿ ನೋಡಬೇಕು: ಹಿಡಿದರೆ ಕದನ ಗೆಲ್ಲಿಸುವ ನೆಲ ಯಾವುದು, ಎಲ್ಲಿಂದ ಎಷ್ಟು ದೂರ ಕಣ್ಣು ಹಾಯುತ್ತಿತ್ತು, ಗುಂಡು ಹಾಯುತ್ತಿತ್ತು, ಅಡಗಲು ಮರೆ ಎಲ್ಲಿತ್ತು, ಕಾಲಿಗೆ ಅಡ್ಡ ಬಂದದ್ದು ಏನು, ಬಂದ ದಾರಿ, ಹಿಂದೆ ಸರಿದ ದಾರಿ ಯಾವುದು. ಫ್ರಾಂಕ್ಲಿನ್‌ನಲ್ಲಿ ಉತ್ತರ ಹೀಗೆ ಬರುತ್ತದೆ: ಕಾರ್ಟರ್ ಮನೆಯ ದಿಬ್ಬ ಮುಖ್ಯ ನೆಲ, ವಿನ್‌ಸ್ಟೆಡ್ ಗುಡ್ಡ ಮತ್ತು ನದಿಯಾಚೆಯ ಫೋರ್ಟ್ ಗ್ರೇಂಜರ್ ನೋಟದ ನೆಲೆಗಳು, ಪೂರ್ವದ ಅಂಚಿನಲ್ಲಿ ಒಸೇಜ್ ಆರೆಂಜ್ ಎಂಬ ಮುಳ್ಳುಮರದ ದಟ್ಟ ಬೇಲಿ ಮತ್ತು ರೈಲು ಹಳಿಯ ತಗ್ಗು, ಇವೆರಡೂ ದಾಳಿಕಾರರಿಗೆ ಅಡ್ಡಿ, ಕೊಲಂಬಿಯಾ ರಸ್ತೆಯೇ ಬಂದ ದಾರಿ.

ಇದನ್ನು ಕಾಗದದಿಂದ ನೆಲಕ್ಕೆ ಇಳಿಸಲು ಮೂರು ಪದರ ಬೇಕು. ಕದನದ ಅಧಿಕೃತ ವರದಿಗಳು (128 ಸಂಪುಟಗಳಲ್ಲಿ ಅಚ್ಚಾಗಿವೆ) ಮತ್ತು ಆ ಕಾಲದ ನಕ್ಷೆ. ಬಡಾವಣೆಗೆ ಮುಂಚಿನ ವೈಮಾನಿಕ ಚಿತ್ರಗಳು. ಇವತ್ತಿನ ಲೈಡಾರ್ ಸಮೀಕ್ಷೆ (ಲೇಸರ್ ಕಿರಣದಿಂದ ನೆಲದ ಏರುತಗ್ಗು ಅಳೆಯುವುದು). ಮೂರನ್ನೂ ಒಂದರ ಮೇಲೊಂದು ಇಟ್ಟಾಗ ಸೈನಿಕ ಎಂಜಿನಿಯರನ ನಕ್ಷೆ ಅಲ್ಲಲ್ಲಿ ತಪ್ಪಿರುವುದು ಗೊತ್ತಾಗುತ್ತದೆ. ಅವನು ರಸ್ತೆ, ನದಿಯನ್ನು ಅಳೆದು ಬರೆದಿರುತ್ತಾನೆ, ಉಳಿದದ್ದನ್ನು ಕಣ್ಣಂದಾಜಿನಲ್ಲಿ. ಈ ತಪ್ಪನ್ನು ಮೊದಲೇ ಹಿಡಿಯದಿದ್ದರೆ ದುಡ್ಡು ಕೊಟ್ಟು ಪಕ್ಕದ ನಿವೇಶನ ಕೊಳ್ಳುತ್ತೀರಿ.

ಇಷ್ಟಾದ ಮೇಲೂ ಕೊಳ್ಳುವ ಕ್ರಮ ನಕ್ಷೆಯಂತೆ ನಡೆಯುವುದಿಲ್ಲ. ಮಾರುವ ಮನಸ್ಸಿರುವ ಮಾಲೀಕ ಯಾವಾಗ ಸಿಗುತ್ತಾನೋ ಆಗ ಕೊಳ್ಳಬೇಕು. ಒಂದು ತಲೆಮಾರಿಗೆ ಒಮ್ಮೆ ಮಾತ್ರ ಬಾಗಿಲು ತೆರೆಯುವ ಜಾಗಗಳಿವೆ. ಅದಕ್ಕೇ ಆದ್ಯತೆಯ ಪಟ್ಟಿ ಸಿದ್ಧವಿದ್ದು, ಜೊತೆಗೆ ಕೈಯಲ್ಲಿ ಸ್ವಲ್ಪ ಹಣವೂ ಇರಬೇಕು.

ಗಾಲ್ಫ್ ಮೈದಾನದ ಹಣದ ಲೆಕ್ಕ

ಪೂರ್ವದ ಅಂಚಿನಲ್ಲಿ, ದಕ್ಷಿಣದವರ ಲೋರಿಂಗ್ ಡಿವಿಜನ್ ಮುಳ್ಳುಬೇಲಿಗೆ ಸಿಕ್ಕಿ ನಲುಗಿದ ಕಡೆ, ಸುಮಾರು 110 ಎಕರೆಯ ಗಾಲ್ಫ್ ಕ್ಲಬ್ ಇತ್ತು. ಗಾಲ್ಫ್ ಮೈದಾನ ಮಾರಾಟಕ್ಕೆ ಬಂದರೆ ಮುಂದಿನ ಹೆಜ್ಜೆ ಬಡಾವಣೆ ಎಂದೇ ಅರ್ಥ. 2000ರ ದಶಕದ ಮೊದಲ ಭಾಗದಲ್ಲಿ ಒಬ್ಬ ಖಾಸಗಿ ಖರೀದಿದಾರರು 50 ಲಕ್ಷ ಡಾಲರಿಗೆ ಅದನ್ನು ಕೊಂಡು, ಊರು ಹಣ ಹೊಂದಿಸುವ ತನಕ ಹಿಡಿದಿಟ್ಟುಕೊಂಡರು. ನಗರಸಭೆ ಅರ್ಧ ಕೊಡುವುದೆಂದು, ಉಳಿದ 25 ಲಕ್ಷವನ್ನು ದಾನದಿಂದ ಎತ್ತುವುದೆಂದು ತೀರ್ಮಾನವಾಯಿತು. ದಾನ ಎತ್ತಲು ಊರಿನ ಹಲವು ಸಂಘಗಳು ಸೇರಿ ಫ್ರಾಂಕ್ಲಿನ್ಸ್ ಚಾರ್ಜ್ ಎಂಬ ಒಕ್ಕೂಟ ಕಟ್ಟಿಕೊಂಡವು.

ಇಲ್ಲಿ ಗಮನಿಸಬೇಕಾದ್ದು ಹಿಡಿದಿಟ್ಟುಕೊಳ್ಳುವ ಖರೀದಿದಾರನ ಪಾತ್ರ. ನಗರಸಭೆಯ ಮತ, ಸರ್ಕಾರಿ ಅನುದಾನ, ದಾನ ಸಂಗ್ರಹ ಮೂರೂ ತಿಂಗಳುಗಟ್ಟಲೆ ಹಿಡಿಯುತ್ತವೆ. ಬಿಲ್ಡರ್ ಎರಡು ವಾರದಲ್ಲಿ ಮುಂಗಡ ಕೊಡುತ್ತಾನೆ. ನಡುವಿನ ಈ ಕಂದಕ ದಾಟಿಸುವವರು ಇಲ್ಲದೆ ಕೈತಪ್ಪಿದ ರಣಭೂಮಿಗಳು ಎಷ್ಟೋ. ಅಂಥ ದಾನಿ ಸಿಗದ ಕಡೆ ಇನ್ನೊಂದು ದಾರಿ: ಸಣ್ಣ ಮೊತ್ತ ಕೊಟ್ಟು, ಇಷ್ಟು ತಿಂಗಳೊಳಗೆ ಇಷ್ಟು ಬೆಲೆಗೆ ಕೊಳ್ಳುವ ಹಕ್ಕು ನನ್ನದು ಎಂದು ಕರಾರು ಮಾಡಿಕೊಳ್ಳುವುದು. ಅವಧಿಯೊಳಗೆ ಹಣ ಸೇರದಿದ್ದರೆ ಕೊಟ್ಟದ್ದು ಹೋಯಿತು, ಅಷ್ಟೇ.

ಕೇಂದ್ರ ಸರ್ಕಾರದ ರಣಭೂಮಿ ಅನುದಾನಕ್ಕೆ 2002ರ ಕಾಯ್ದೆ ದಾರಿ ಮಾಡಿತು. ಹಣ ಬರುವುದು ಕಡಲಾಳದ ತೈಲ ಮತ್ತು ಅನಿಲ ಗುತ್ತಿಗೆಯ ಆದಾಯದಿಂದ. ಒಂದಕ್ಕೆ ಒಂದು ಲೆಕ್ಕ: ಕೇಂದ್ರ ಒಂದು ಡಾಲರ್ ಕೊಟ್ಟರೆ, ಕೇಂದ್ರದ್ದಲ್ಲದ ಮೂಲದಿಂದ ಇನ್ನೊಂದು ಡಾಲರ್ ತೋರಿಸಬೇಕು. ಮೂರು ಷರತ್ತು ಜನರಿಗೆ ತಡವಾಗಿ ಹೊಳೆಯುತ್ತವೆ. ಮೌಲ್ಯಮಾಪಕರು ಹೇಳಿದ ಬೆಲೆಗಿಂತ ಮೇಲೆ ಅನುದಾನ ಬರುವುದಿಲ್ಲ. ಮಾಲೀಕ ಹೆಚ್ಚು ಕೇಳಿದರೆ ಆ ವ್ಯತ್ಯಾಸ ಪೂರ್ತಿ ದಾನದಿಂದಲೇ ಬರಬೇಕು. ರಾಷ್ಟ್ರೀಯ ಉದ್ಯಾನದ ಗಡಿಯೊಳಗಿನ ಜಾಗಕ್ಕೆ ಈ ಹಣ ಇಲ್ಲ. ಮತ್ತು ಕೊಂಡ ಜಾಗಕ್ಕೆ ಶಾಶ್ವತ ಸಂರಕ್ಷಣಾ ಕರಾರು ನೋಂದಣಿ ಆಗಬೇಕು. ಅಂದರೆ ಮುಂದೆ ಯಾರ ಕೈಗೆ ಹೋದರೂ ಅಲ್ಲಿ ಕಟ್ಟುವಂತಿಲ್ಲ, ಅಗೆಯುವಂತಿಲ್ಲ. ಕರಾರು ಹಿಡಿದ ಸಂಸ್ಥೆ ಬಂದು ನೋಡುವ ಹಕ್ಕು ಇಟ್ಟುಕೊಂಡಿರುತ್ತದೆ. ಈ ಕರಾರಿನ ಕರಡಿನಲ್ಲೇ ಬೇಲಿ, ನಡೆದಾರಿ, ಮಾಹಿತಿ ಫಲಕ, ಶೌಚಾಲಯ, ಹುಲ್ಲು ಸುಡುವುದು ಇವಕ್ಕೆಲ್ಲ ಅನುಮತಿ ಬರೆಸಿಕೊಳ್ಳಬೇಕು. ಬಿಟ್ಟುಹೋದರೆ ಆಮೇಲೆ ಒಂದು ಬೆಂಚು ಹಾಕಲೂ ಪತ್ರ ವ್ಯವಹಾರ.

ಗಾಲ್ಫ್ ಮೈದಾನದ ನೆಲ ಎಕರೆಗೆ ಸುಮಾರು 45,000 ಡಾಲರ್ ಬಿತ್ತು. ಕೊಲಂಬಿಯಾ ಅವೆನ್ಯೂ ಮೇಲಿನ ಅಂಗಡಿ ನಿವೇಶನಗಳ ಮಾತು ಬೇರೆಯೇ. ಅಲ್ಲಿ ನೆಲ ಕೊಳ್ಳುವುದು ನಮ್ಮ ಗುಂಟೆ ಲೆಕ್ಕದಲ್ಲಿ, ಮತ್ತು ಬೆಲೆಯೊಳಗೆ ವ್ಯಾಪಾರ, ಕಟ್ಟಡ, ಬಾಡಿಗೆ ಕರಾರು ಎಲ್ಲ ಸೇರಿರುತ್ತವೆ. ಒಂದು ಕೊಂಡರೆ ಪಕ್ಕದವನ ಬೆಲೆ ಏರುತ್ತದೆ. ಸಂರಕ್ಷಣೆಯವರ ಯೋಜನೆಯ ನಕ್ಷೆ ಪತ್ರಿಕೆಯಲ್ಲಿ ಅಚ್ಚಾಗುವ ಮುಂಚೆ ಅಕ್ಕಪಕ್ಕದವರ ಜೊತೆ ಮಾತು ಮುಗಿಸಿರುವುದು ಉತ್ತಮ. ಹಾಗೆಂದು ಕದ್ದುಮುಚ್ಚಿ ಕೊಳ್ಳುವುದೂ ಸರಿಯಲ್ಲ. ಸಣ್ಣ ಊರಿನಲ್ಲಿ ಅದು ನಂಬಿಕೆಯನ್ನೇ ತಿಂದುಹಾಕುತ್ತದೆ.

ಕಟ್ಟಡ ಇಳಿಸುವುದು

ಈ ಪ್ರಕರಣದ ತಿರುಳು ಇಲ್ಲಿದೆ. ನಗರಸಭೆ 2005ರಲ್ಲಿ ಪಿಜ್ಜಾ ಹಟ್ ಕೊಂಡು ಕೆಡವಿಸಿತು. ಅಲ್ಲಿ ಈಗ ಸಣ್ಣ ಉದ್ಯಾನ, ಫಿರಂಗಿ ಗುಂಡುಗಳನ್ನು ಪಿರಮಿಡ್ಡಿನಂತೆ ಪೇರಿಸಿದ ಒಂದು ಗುರುತು. ಮುಂದಿನ ವರ್ಷಗಳಲ್ಲಿ ಜಿನ್ ಇದ್ದ ಕಡೆಯ ಮನೆ, ಎದುರಿನ ಅಂಗಡಿ ಸಾಲು, ಕಾರ್ಟರ್ ಹಿತ್ತಲಿನ ಜಿಮ್ನೇಸಿಯಂ ಒಂದೊಂದಾಗಿ ಇಳಿದವು. ನೋಡುವವರಿಗೆ ಇದು ಕೆಡವುವ ಕೆಲಸ. ಮಾಡುವವರಿಗೆ ಇದು ಉತ್ಖನನದ ಮೊದಲ ಹಂತ. ಸಾಮಾನ್ಯ ಗುತ್ತಿಗೆದಾರ ರೂಢಿಯಂತೆ ಪಾಯ ಸಮೇತ ಕಿತ್ತುಹಾಕಿದರೆ, ಉಳಿಸಲು ಹೊರಟ ಮಣ್ಣು ಅದೇ ದಿನ ಟಿಪ್ಪರ್ ಲಾರಿಯಲ್ಲಿ ಹೋಗುತ್ತದೆ.

ಕ್ರಮ ಹೀಗಿರಬೇಕು. ಜಾಗ ಕೈಗೆ ಬರುವ ಮುಂಚೆಯೇ ಮಾಲಿನ್ಯದ ತಪಾಸಣೆ: ಹಿಂದೆ ಪೆಟ್ರೋಲ್ ಬಂಕ್ ಇತ್ತೇ, ಡ್ರೈ ಕ್ಲೀನಿಂಗ್ ಅಂಗಡಿ ಇತ್ತೇ, ನೆಲದಡಿ ಟ್ಯಾಂಕ್ ಉಳಿದಿದೆಯೇ. ಇದ್ದರೆ ಶುಚಿ ಮಾಡುವ ಹೊಣೆ ಹೊಸ ಮಾಲೀಕನ ತಲೆಗೆ ಬರುತ್ತದೆ. ಆಮೇಲೆ ಕಲ್ನಾರು (ಆಸ್ಬೆಸ್ಟಾಸ್) ತಪಾಸಣೆ. ಹಳೆಯ ಚಾವಣಿ, ನೆಲಹಾಸು, ಪೈಪಿನ ಸುತ್ತು ಇವುಗಳಲ್ಲಿ ಇರುತ್ತದೆ. ವಿದ್ಯುತ್, ಗ್ಯಾಸ್, ನೀರು, ಒಳಚರಂಡಿಯನ್ನು ನಿವೇಶನದ ಅಂಚಿನಲ್ಲೇ ಕಡಿದು ಮುಚ್ಚಬೇಕು. ಒಳಗಿನ ಪೈಪುಗಳನ್ನು ಎಳೆದು ತೆಗೆಯಬಾರದು. ಪೈಪು ಹಾಕಲು ತೋಡಿದ ಗುಂಡಿ ಆಗಲೇ ಕೆಟ್ಟ ಮಣ್ಣು. ಎಳೆದರೆ ಪಕ್ಕದ ಕೆಡದ ಮಣ್ಣೂ ಕುಸಿಯುತ್ತದೆ. ಇದ್ದಲ್ಲೇ ಬಿಟ್ಟು, ತುದಿ ಮುಚ್ಚಿ, ನಕ್ಷೆಯಲ್ಲಿ ಗುರುತು ಹಾಕಿದರೆ ಸಾಕು.

ಗೋಡೆ, ಚಾವಣಿಯನ್ನು ನೆಲದ ಕಾಂಕ್ರೀಟ್ ಸ್ಲ್ಯಾಬಿನ ಮೇಲೆಯೇ ಕೆಡವಿ ಸ್ಲ್ಯಾಬಿನ ಮೇಲಿಂದಲೇ ತುಂಬಿಸಬೇಕು. ಸ್ಲ್ಯಾಬು ಕೆಳಗಿನ ನೆಲಕ್ಕೆ ರಕ್ಷೆ; ಜೆಸಿಬಿ ಅದರ ಮೇಲೆ ನಿಂತಿರುವಷ್ಟು ಹೊತ್ತು ಮಣ್ಣಿಗೆ ಭಾರ ಹಂಚಿಹೋಗುತ್ತದೆ. ಕೊನೆಗೆ ಸ್ಲ್ಯಾಬು ಒಡೆಯುವಾಗ ಯಂತ್ರ ಹಿಂದೆ ಹಿಂದೆ ಸರಿಯುತ್ತ, ತಾನು ನಿಂತ ಭಾಗವನ್ನು ಕೊನೆಗೆ ಒಡೆಯುವಂತೆ ಕೆಲಸ ಮಾಡಬೇಕು. ಹಲ್ಲಿರುವ ಬಕೆಟ್ ಬೇಡ, ನುಣುಪು ಅಂಚಿನ ಬಕೆಟ್ ಬೇಕು. ಹಲ್ಲು ಮಣ್ಣನ್ನು ಉತ್ತುಹಾಕುತ್ತದೆ. ನುಣುಪು ಅಂಚು ಚಾಕುವಿನಂತೆ ಸವರುತ್ತದೆ, ಬಣ್ಣದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಮುಚ್ಚಿಹೋದ ಕಂದಕ ಸುತ್ತಲ ಮಣ್ಣಿಗಿಂತ ಬೇರೆ ಬಣ್ಣದ ಪಟ್ಟಿಯಾಗಿ ಕಾಣಿಸಿಕೊಳ್ಳುವುದು ಈ ಹಂತದಲ್ಲೇ. ಪುರಾತತ್ತ್ವಜ್ಞ ಬಕೆಟ್ಟಿನ ಪಕ್ಕದಲ್ಲಿ ನಿಂತಿರಬೇಕು, ನಿಲ್ಲಿಸು ಎಂದರೆ ಯಂತ್ರ ನಿಲ್ಲಬೇಕು. ಈ ಅಧಿಕಾರ ಗುತ್ತಿಗೆ ಕರಾರಿನಲ್ಲೇ ಬರೆದಿರಬೇಕು, ನಿಂತ ಗಂಟೆಗಳಿಗೆ ದರವೂ ನಿಗದಿಯಾಗಿರಬೇಕು. ಇಲ್ಲದಿದ್ದರೆ ನಿಲ್ಲಿಸಿದಾಗಲೆಲ್ಲ ಜಗಳ.

ಮಳೆ ಬಿದ್ದ ಮರುದಿನ ಕೆಲಸ ಬೇಡ. ಒದ್ದೆ ಜೇಡಿಯ ಮೇಲೆ ಚೈನು ಯಂತ್ರ ಓಡಿದರೆ ಒಂದಡಿ ಆಳದವರೆಗೂ ಮಣ್ಣು ಅಮುಕಿ, ಮುಂದೆ ನೀರು ಇಂಗದೆ ನಿಲ್ಲುತ್ತದೆ. ಮರದ ಬುಡಗಳನ್ನು ಕೀಳಬಾರದು. ನೆಲಮಟ್ಟಕ್ಕೆ ಕೊಯ್ದು ಕೊಳೆಯಲು ಬಿಡಬೇಕು. ಕೊನೆಗೆ ಗುಂಡಿಗಳನ್ನು ಹೊರಗಿನ ಮಣ್ಣಿನಿಂದ ತುಂಬುವ ಮುಂಚೆ ಜಿಯೋಟೆಕ್ಸ್‌ಟೈಲ್ ಎಂಬ ಕೃತಕ ಬಟ್ಟೆ ಹಾಸಬೇಕು. ಐವತ್ತು ವರ್ಷದ ನಂತರ ಅಗೆಯುವವರಿಗೆ, ಇಲ್ಲಿಂದ ಮೇಲೆ ತಂದು ಹಾಕಿದ್ದು, ಕೆಳಗೆ ಮೂಲದ್ದು ಎಂದು ಆ ಬಟ್ಟೆಯೇ ಹೇಳುತ್ತದೆ. ತುಂಬುವ ಮಣ್ಣಿನಲ್ಲಿ ಹಳೆ ಕಟ್ಟಡದ ಮೊಳೆ, ತಂತಿ ಚೂರು ಇರಬಾರದು. ಇದ್ದರೆ ಮುಂದಿನ ಮೆಟಲ್ ಡಿಟೆಕ್ಟರ್ ಸಮೀಕ್ಷೆಯೆಲ್ಲ ಗದ್ದಲವಾಗುತ್ತದೆ.

ಮನುಷ್ಯರ ಎಲುಬು ಸಿಗಬಹುದೆಂಬ ಸಿದ್ಧತೆ ಫ್ರಾಂಕ್ಲಿನ್‌ನಲ್ಲಿ ಕಡ್ಡಾಯ. ಸತ್ತವರನ್ನು ಮೊದಲು ಒಡ್ಡಿನ ಉದ್ದಕ್ಕೂ ಹೂತಿದ್ದರು. 1866ರಲ್ಲಿ ಮೆಗಾವಕ್ ಕುಟುಂಬ ತಮ್ಮ ಕಾರ್ನ್‌ಟನ್ ತೋಟದಲ್ಲಿ ಎರಡು ಎಕರೆ ಕೊಟ್ಟಾಗ ದಕ್ಷಿಣದ ಸುಮಾರು 1,500 ಜನರನ್ನು ತೆಗೆದು ರಾಜ್ಯವಾರು ಸಾಲಾಗಿ ಅಲ್ಲಿ ಮರುಸಮಾಧಿ ಮಾಡಿದರು. ಸತ್ತವರ ಹೆಸರು ಬರೆದ ಪುಸ್ತಕವನ್ನು ಆ ಮನೆಯ ಕ್ಯಾರಿ ಮೆಗಾವಕ್ ಜೋಪಾನ ಮಾಡಿದರು. ಆದರೆ ಎಲ್ಲರೂ ಸಿಕ್ಕಿರಲಿಲ್ಲ. 2009ರಲ್ಲಿ ಕಟ್ಟಡ ಕಾಮಗಾರಿಯೊಂದರಲ್ಲಿ ಒಬ್ಬ ಸೈನಿಕನ ಅವಶೇಷ ಸಿಕ್ಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ರೆಸ್ಟ್ ಹೇವನ್ ಸ್ಮಶಾನದಲ್ಲಿ ಅವನನ್ನು ಅಜ್ಞಾತ ಸೈನಿಕನೆಂದು ಗೌರವದಿಂದ ಮಣ್ಣು ಮಾಡಿದರು. ಎಲುಬು ಕಂಡ ಕೂಡಲೇ ಕೆಲಸ ನಿಲ್ಲಬೇಕು, ಮುಟ್ಟದೆ ಮುಚ್ಚಬೇಕು, ಪೊಲೀಸರಿಗೆ ಮತ್ತು ರಾಜ್ಯದ ಪುರಾತತ್ತ್ವ ಕಚೇರಿಗೆ ಹೇಳಬೇಕು. ಫೋಟೋ ಮೊಬೈಲಿನಿಂದ ಊರೆಲ್ಲ ಹರಿದಾಡಬಾರದು. ಅವನೂ ಯಾರದೋ ಮನೆಯ ಮಗ.

ಮಣ್ಣಿನೊಳಗಿನ ಬರಹ

ರಣಭೂಮಿಯಲ್ಲಿ ಸಿಗುವ ಸೀಸದ ಗುಂಡಿಗೆ ಬೆಲೆ ಬರುವುದು ಅದು ಬಿದ್ದಿದ್ದ ಜಾಗದಿಂದ. ಆಗಿನ ರೈಫಲ್ಲಿನ ಮಿನಿಯೇ ಗುಂಡು 0.58 ಅಂಗುಲ ವ್ಯಾಸದ್ದು, ತೂಕ ಸುಮಾರು 30 ಗ್ರಾಂ. ಚಪ್ಪಟೆಯಾಗದೆ ಇಡಿಯಾಗಿ ಸಿಕ್ಕಿದರೆ ಅದು ತುಂಬುವಾಗ ಕೈಜಾರಿ ಬಿದ್ದದ್ದು. ಅಲ್ಲಿ ಗುಂಡು ಹಾರಿಸುವವ ನಿಂತಿದ್ದ. ಅಣಬೆಯಂತೆ ಅರಳಿ ಸಿಕ್ಕಿದರೆ ಅಲ್ಲಿ ಗುರಿ ಇತ್ತು. ಇಡಿ ಗುಂಡುಗಳ ಸಾಲು ಒಂದು ಕಡೆ, ಅರಳಿದವುಗಳ ಸಾಲು ಇನ್ನೊಂದು ಕಡೆ ಸಿಕ್ಕಿತೆಂದರೆ ನಕ್ಷೆಯಲ್ಲಿ ಕಳೆದುಹೋದ ಒಡ್ಡು ಮರಳಿ ಸಿಕ್ಕಂತೆ. ಹವ್ಯಾಸಿ ಸಂಗ್ರಾಹಕ ರಾತ್ರಿ ಬಂದು ಐವತ್ತು ಗುಂಡು ಜೇಬಿಗೆ ಹಾಕಿಕೊಂಡು ಹೋದರೆ ಮಣ್ಣು ಬರೆದಿಟ್ಟ ಈ ವಾಕ್ಯದ ಪದಗಳೆಲ್ಲ ಹೋದವು. ಅವನ ಮನೆಯ ಕಪಾಟಿನಲ್ಲಿ ಉಳಿಯುವುದು ಸೀಸ ಮಾತ್ರ.

ಸಮೀಕ್ಷೆಯಲ್ಲಿ ಒಂದೂವರೆಯಿಂದ ಎರಡು ಮೀಟರ್ ಅಂತರದಲ್ಲಿ ಹಗ್ಗ ಕಟ್ಟಿ ಸಾಲು ಮಾಡಿಕೊಳ್ಳುತ್ತಾರೆ. ಉತ್ತರ–ದಕ್ಷಿಣ ಒಮ್ಮೆ, ಪೂರ್ವ–ಪಶ್ಚಿಮ ಇನ್ನೊಮ್ಮೆ. ಡಿಟೆಕ್ಟರನ್ನು ಎಲ್ಲ ಲೋಹಕ್ಕೂ ತೆರೆದಿಡಬೇಕು. ಕಬ್ಬಿಣ ಬೇಡವೆಂದು ಸೋಸುವ ಗುಂಡಿ ಒತ್ತಿದರೆ ಕ್ಯಾನಿಸ್ಟರ್ ಗುಂಡು (ಡಬ್ಬಿಯಲ್ಲಿ ತುಂಬಿ ಫಿರಂಗಿಯಿಂದ ಹಾರಿಸುವ ಕಬ್ಬಿಣದ ಗುಂಡು), ಸಿಡಿತಲೆಯ ಚೂರು ಎಲ್ಲ ತಪ್ಪಿಹೋಗುತ್ತವೆ. ಹಾಗೆ ತಪ್ಪಿದರೆ ಫಿರಂಗಿಯ ಕಥೆಯೇ ಇಲ್ಲ. ಸದ್ದು ಬಂದಲ್ಲಿ ಬಾವುಟ, ಬಾವುಟಕ್ಕೆ ಸಂಖ್ಯೆ, ಜಿಪಿಎಸ್ ಬಿಂದು, ಆಳ, ಆಮೇಲೆ ಅಗೆತ. ಹೆಚ್ಚಿನವು ನೇಗಿಲು ತಿರುವಿದ ಪದರದೊಳಗೆ, ಒಂದಡಿಗಿಂತ ಕಡಿಮೆ ಆಳದಲ್ಲೇ ಸಿಗುತ್ತವೆ. ಸೀಸದ ಮೇಲಿನ ಬಿಳಿ ಪೊರೆಯನ್ನು ಉಜ್ಜಬಾರದು, ಒಳಗಿನ ಲೋಹವನ್ನು ಕಾಯುವುದೇ ಅದು. ಸಿಡಿಯದ ಸಿಡಿತಲೆ ಸಿಕ್ಕರೆ ಬಾಂಬ್ ದಳ ಬರುವ ತನಕ ಯಾರೂ ಹತ್ತಿರ ಹೋಗಬಾರದು. 2008ರಲ್ಲಿ ವರ್ಜೀನಿಯಾದಲ್ಲಿ ಸಂಗ್ರಾಹಕರೊಬ್ಬರು ಅಂಥದ್ದನ್ನು ಶುಚಿ ಮಾಡುತ್ತಿದ್ದಾಗ ಸಿಡಿದು ಸತ್ತರು, ಕದನ ಮುಗಿದು 140ಕ್ಕೂ ಹೆಚ್ಚು ವರ್ಷವಾದ ಮೇಲೆ.

ಗಾಲ್ಫ್ ಮೈದಾನದಲ್ಲಿ ಈ ಕೆಲಸಕ್ಕೆ ಬೇರೆ ತೊಡಕು. ನಿಯಮಬದ್ಧವಾಗಿ ಕಟ್ಟಿದ ಗ್ರೀನ್ (ಚೆಂಡು ಬೀಳಿಸುವ ಕುಳಿಯ ಸುತ್ತಲ ನುಣುಪು ಹುಲ್ಲು) ಅಂದರೆ ನಾಲ್ಕು ಅಂಗುಲ ಜಲ್ಲಿಯ ಮೇಲೆ ಒಂದಡಿ ಮರಳು. ಅದರ ಕೆಳಗಿನ ಮೂಲ ನೆಲ ಕೊರೆದುಹೋಗಿರುತ್ತದೆ. ಮರಳುಗುಂಡಿ, ಮೊದಲ ಹೊಡೆತದ ಟೀ ದಿಬ್ಬ, ತುಂತುರು ನೀರಾವರಿಯ ಪೈಪು ಕೂಡ ಹಾಗೆಯೇ. ಟೀ ಮತ್ತು ಗ್ರೀನ್ ನಡುವಿನ ಹುಲ್ಲುಬಯಲು, ಫೇರ್‌ವೇ, ಮಾತ್ರ ಹೆಚ್ಚುಕಡಿಮೆ ಮುಟ್ಟದ ನೆಲ. ಹಳೆಯ ಗಾಲ್ಫ್ ಮೈದಾನಗಳಲ್ಲಿ ಆರ್ಸೆನಿಕ್ ಇರುವ ಕಳೆನಾಶಕ ಬಳಸುತ್ತಿದ್ದರು, ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸದೆ ಯಾವ ದಿಬ್ಬವನ್ನೂ ಹರಡಬಾರದು. ದಿಬ್ಬ ಸಮ ಮಾಡಲು ಎರಡು ದಾರಿ: ಮೇಲೆ ತಂದು ಹಾಕಿದ ಮಣ್ಣನ್ನಷ್ಟೇ ಸವರಿ ತೆಗೆಯುವುದು, ಇಲ್ಲವೇ ಹಾಗೇ ಬಿಟ್ಟು ಹುಲ್ಲು ಬೆಳೆಸುವುದು. ಅನುಮಾನವಿದ್ದರೆ ಬಿಡುವುದೇ ಮೇಲು.

ಹುಲ್ಲಿನದೂ ಸಣ್ಣ ವಿಷಯವಲ್ಲ. ಕಾರ್ಪೆಟ್ಟಿನಂಥ ಹುಲ್ಲುಹಾಸು ವಾರಕ್ಕೊಮ್ಮೆ ಕೊಯ್ಲು ಬೇಡುತ್ತದೆ, ನೋಡುವವನಿಗೆ ಉದ್ಯಾನದಂತೆ ಕಾಣುತ್ತದೆ. ಲಿಟಲ್ ಬ್ಲೂಸ್ಟೆಮ್, ಬ್ರೂಮ್‌ಸೆಜ್‌ನಂಥ ನಾಡ ಹುಲ್ಲುಗಳು ಬೇರು ಬಿಡಲು ಎರಡು ಮೂರು ವರ್ಷ ತೆಗೆದುಕೊಂಡರೂ ಆಮೇಲೆ ವರ್ಷಕ್ಕೊಂದು ಕೊಯ್ಲು ಸಾಕು. ಒಡ್ಡಿನ ಮಣ್ಣನ್ನು ಹಿಡಿದಿಡುವುದರಲ್ಲಿ ಅವನ್ನು ಮೀರಿದ್ದಿಲ್ಲ. ಮೊದಲ ಎರಡು ವರ್ಷ ಜಾಗ ಪಾಳುಬಿದ್ದಂತೆ ಕಾಣುತ್ತದೆ, ದೂರುಗಳು ಬರುತ್ತವೆ. ಅಂಚಿನಲ್ಲಿ ಆರಡಿ ಅಗಲ ನೀಟಾಗಿ ಕೊಯ್ದಿಟ್ಟರೆ, ಇದು ಬೇಕೆಂದೇ ಬೆಳೆಸಿದ್ದು ಎಂದು ಜನಕ್ಕೆ ಅರ್ಥವಾಗುತ್ತದೆ. ಅಂಕುಡೊಂಕು ಮರದ ಬೇಲಿ ಮರಳಿ ಹಾಕುವುದಾದರೆ ಲೆಕ್ಕ ಹೀಗೆ: 11 ಅಡಿಯ ಸೀಳುಗಳು, ಡೊಂಕಿನಿಂದಾಗಿ ಒಂದು ಅಂಕಣಕ್ಕೆ ಎಂಟೂವರೆ ಅಡಿ ಮುನ್ನಡೆ, ಅಂಕಣಕ್ಕೆ ಎಂಟು ಸೀಳು, ಮೈಲಿಗೆ ಹತ್ತಿರ ಹತ್ತಿರ 5,000 ಸೀಳು ಬೇಕು. ಮೊಳೆ ಬೇಡ, ಗುಂಡಿ ತೋಡುವುದೂ ಬೇಡ. ರಣಭೂಮಿಗೆ ಇಂಥ ಬೇಲಿ ಒಪ್ಪುವುದಕ್ಕೆ ಇದೂ ಒಂದು ಕಾರಣ.

ಗುಂಡು ತಿಂದ ಹಲಗೆ

ಕಾರ್ಟರ್ ಆವರಣದ ಕಟ್ಟಡಗಳಲ್ಲಿ ಸಾವಿರಕ್ಕೂ ಹೆಚ್ಚು ಗುಂಡಿನ ತೂತುಗಳಿವೆ. ಎಲ್ಲಕ್ಕಿಂತ ಹೆಚ್ಚು ಏಟು ತಿಂದದ್ದು ಮನೆಯ ಪಕ್ಕದ ಹಲಗೆಯ ಕೃಷಿ ಕಚೇರಿ. ಒಳಗೆ ಹೋಗಿ ನಿಂತರೆ ಹಗಲು ಹೊತ್ತು ತೂತುಗಳಿಂದ ಬೆಳಕು ಸರಳುಗಳಾಗಿ ಬರುತ್ತದೆ. ಒಂದು ಹಲಗೆಯ ಮೇಲೆ ಅಂಗೈ ಅಗಲದಲ್ಲಿ ಮೂರು ನಾಲ್ಕು ತೂತು. ಹೊರಗಿನ ಬಾಯಿ ದುಂಡಗೆ. ಒಳಬಾಯಿ ಸಿಬಿರು ಎದ್ದು ಒರಟಾಗಿದೆ.

ಈ ಸಿಬಿರುಗಳೇ ದಾಖಲೆ. ಬಣ್ಣ ಹೊಡೆಯುವ ಮುಂಚೆ ಉಜ್ಜಿ ನುಣುಪು ಮಾಡಿದರೆ, ಪುಟ್ಟಿ ತುಂಬಿದರೆ, ಎಲ್ಲ ಮುಗಿಯಿತು. ಆದರೆ ತೂತು ತೆರೆದಿದ್ದರೆ ಮಳೆ ಒಳಗೆ ಬರುತ್ತದೆ, ಮರಕೊರಕ ದುಂಬಿ ಅದನ್ನೇ ಬಾಗಿಲು ಮಾಡಿಕೊಳ್ಳುತ್ತದೆ. ದುಂಬಿ ಕೊರೆದ ತೂತು ಕೂಡ ದುಂಡಗೆ, ಅರ್ಧ ಅಂಗುಲ. ಗುಂಡಿನ ತೂತಿಗೆ ಅವಳಿ. ಇದರಿಂದ ಪ್ರತಿ ತೂತಿಗೂ ಸಂಖ್ಯೆ, ಅಳತೆ, ಎರಡೂ ಬದಿಯ ಫೋಟೋ ಇರಬೇಕು, ವರ್ಷಕ್ಕೊಮ್ಮೆ ಹೋಲಿಸಬೇಕು. ಕೊಳೆತ ಭಾಗವಿದ್ದರೆ ಆ ತುಂಡಷ್ಟೇ ಕೊಯ್ದು ಅದೇ ಜಾತಿಯ ಮರ ಕೂರಿಸಬೇಕು, ಹೊಸ ತುಂಡಿನ ಹಿಂಬದಿಗೆ ವರ್ಷ ಕೆತ್ತಿರಬೇಕು. ಚಾವಣಿಯ ಸೂರು ಇಳಿಬಿಟ್ಟು ನೀರನ್ನು ಗೋಡೆಯಿಂದ ದೂರ ಇಡುವುದು ಮಿಕ್ಕೆಲ್ಲ ರಾಸಾಯನಿಕಗಳಿಗಿಂತ ಉಪಕಾರಿ. ಇಟ್ಟಿಗೆಯ ಹೊಗೆಕೋಣೆಯ ಗಾಯಗಳಿಗೆ ಸಿಮೆಂಟ್ ತಾಗಿಸಲೇಬಾರದು. ಆ ಕಾಲದ ಇಟ್ಟಿಗೆ ಮೆದು. ನೀರು ಸುಣ್ಣದ ಗಾರೆಯ ಸಂದಿನಿಂದ ಆರಬೇಕು. ಸಿಮೆಂಟ್ ಸಂದಿಯನ್ನು ಬಿಗಿದರೆ ನೀರು ಇಟ್ಟಿಗೆಯೊಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಮುಖವನ್ನೇ ಸಿಡಿಸುತ್ತದೆ. ಗುಂಡಿನ ಗಾಯ ಮೊದಲು ಹೋಗುತ್ತದೆ, ಏಕೆಂದರೆ ಅಲ್ಲಿ ಸುಟ್ಟ ಗಟ್ಟಿ ಪೊರೆ ಆಗಲೇ ಒಡೆದಿದೆ.

ಯಾರ ಕಥೆ

ಕಾರ್ಟರ್ ಹೊಲ, ಕಾರ್ನ್‌ಟನ್ ತೋಟ ಎರಡೂ ಗುಲಾಮರ ದುಡಿಮೆಯಿಂದ ನಡೆದವು. ಹತ್ತಿ ಜಿನ್ ಎಂದ ಮೇಲೆ ಹತ್ತಿ ಬಿಡಿಸಿದವರು ಯಾರು ಎಂದು ಹೇಳಲೇಬೇಕು. ಬಹಳ ಕಾಲ ಇಂಥ ಸ್ಥಳಗಳಲ್ಲಿ ಜನರಲ್‌ಗಳ ಹೆಸರು, ರೆಜಿಮೆಂಟುಗಳ ಚಲನೆ ಮಾತ್ರ ಹೇಳುತ್ತಿದ್ದರು. ಯುದ್ಧ ಯಾಕಾಯಿತು ಎಂಬುದು ಬಾಯಿಗೆ ಬರುತ್ತಿರಲಿಲ್ಲ. ಕೇಂದ್ರದ ಉದ್ಯಾನಗಳಿಗೆ 2000ದ ಹೊತ್ತಿಗೆ ಕಾಂಗ್ರೆಸ್ಸೇ ಗುಲಾಮಗಿರಿಯ ಪಾತ್ರವನ್ನು ವಿವರಿಸಿ ಎಂದು ಸೂಚಿಸಿತು. ಫ್ರಾಂಕ್ಲಿನ್ ಊರು ತಾನಾಗಿ ಈ ಕೆಲಸಕ್ಕೆ ಇಳಿಯಿತು. ಚೌಕದಲ್ಲಿ 1899ರಿಂದ ದಕ್ಷಿಣದ ಸೈನಿಕನ ಕಂಬ ನಿಂತಿದೆ. 2019ರಲ್ಲಿ ಅದರ ಸುತ್ತ ಗುಲಾಮರ ಮಾರಾಟ, ಯುದ್ಧಾನಂತರದ ಹಿಂಸೆ, ಕಪ್ಪು ಸೈನಿಕರ ಸೇರ್ಪಡೆ ಕುರಿತ ಮಾಹಿತಿ ಫಲಕಗಳು ಬಂದವು. 2021ರ ಅಕ್ಟೋಬರಿನಲ್ಲಿ ಉತ್ತರದ ಸೈನ್ಯ ಸೇರಿದ ಕಪ್ಪು ಸೈನಿಕನ ಕಂಚಿನ ಪ್ರತಿಮೆ ಹಳೆಯ ನ್ಯಾಯಾಲಯದ ಎದುರು ನಿಂತಿತು. ನೆಲ ಕೊಳ್ಳುವುದಕ್ಕಿಂತ ಇದು ಅಗ್ಗ. ಆದರೆ ನೆಲ ಕೊಂಡು ಇದನ್ನು ಬಿಟ್ಟರೆ ಉಳಿಯುವುದು ಅರೆಬರೆ ರಣಭೂಮಿ.

ಈಗಲೂ ಆಗದ್ದು

ಕೊಲಂಬಿಯಾ ಅವೆನ್ಯೂ ಇವತ್ತಿಗೂ ಹೆದ್ದಾರಿ. ಸಾಲು ಒಡೆದ ಜಾಗವನ್ನು ಅದು ನಡುವೆ ಸೀಳುತ್ತದೆ; ಮನೆಯ ಕಡೆಯಿಂದ ಜಿನ್ ಕಡೆಗೆ ಹೋಗಲು ವಾಹನಗಳ ಬಿಡುವಿಗೆ ಕಾಯಬೇಕು. ಮರಳಿ ಪಡೆದ ತುಂಡುಗಳ ನಡುವೆ ಇನ್ನೂ ಮನೆಗಳಿವೆ, ಅಂಗಡಿಗಳಿವೆ, ಅವುಗಳ ಮೇಲೆ ಒತ್ತಾಯ ಮಾಡುವ ಹಕ್ಕು ಯಾರಿಗೂ ಇಲ್ಲ. ಎರಡು ಮೈಲಿ ನಡೆದ ದಾಳಿಯ ದಾರಿ ಬಹುಪಾಲು ಬಡಾವಣೆಯೇ. ಹೀಗಾಗಿ ವಿನ್‌ಸ್ಟೆಡ್ ಗುಡ್ಡದ ಮೇಲೆ ನಿಂತರೆ ಹುಡ್ ಕಂಡ ಬಯಲು ಕಾಣುವುದಿಲ್ಲ.

ಬಿಡಿ ತುಂಡುಗಳ ನಿರ್ವಹಣೆಗೂ ಬೇರೆಯದೇ ಖರ್ಚು. ನಗರಸಭೆಯ ಉದ್ಯಾನ, ರಾಜ್ಯದ ಮನೆ, ಟ್ರಸ್ಟಿನ ನಿವೇಶನ ಎಂದು ಮಾಲೀಕತ್ವ ಹಂಚಿಹೋಗಿರುವ ಕಡೆ ಹುಲ್ಲು ಕೊಯ್ಯುವ ಎತ್ತರದಿಂದ ಹಿಡಿದು ರಾತ್ರಿ ಕಾವಲಿನ ತನಕ ಒಂದೇ ಲಿಖಿತ ಒಪ್ಪಂದ ಬೇಕು. 2009ರಲ್ಲಿ ಕಾರ್ಟರ್ ಮನೆ ಮತ್ತು ಕಾರ್ನ್‌ಟನ್‌ಗಳನ್ನು ಒಂದೇ ಟ್ರಸ್ಟಿನ ಆಡಳಿತಕ್ಕೆ ತಂದದ್ದು ಈ ದಿಕ್ಕಿನ ಒಳ್ಳೆಯ ಹೆಜ್ಜೆ. ಸದ್ಯಕ್ಕೆ ಮುಂದಿನ ನಿವೇಶನ ಮಾರಾಟಕ್ಕೆ ಬರುವ ತನಕ ಮಾಡಬೇಕಾದ್ದು ದಿನನಿತ್ಯದ ಕೆಲಸ: ಬೇಸಿಗೆಗೆ ಮುಂಚೆ ದುಂಬಿಯ ತೂತು ಎಣಿಸುವುದು, ದೊಡ್ಡ ಮಳೆಯ ನಂತರ ತುಂಬಿದ ಗುಂಡಿಗಳು ಕುಸಿದಿವೆಯೇ ನೋಡುವುದು, ರಾತ್ರಿ ಯಾರಾದರೂ ಅಗೆದ ಹೊಸ ಮಣ್ಣು ಇದೆಯೇ ಎಂದು ಬೆಳಿಗ್ಗೆ ಒಂದು ಸುತ್ತು ಬರುವುದು.